ಏಕವಚನ

"ಏನ್ಲಾ, ಮಾತು ಮರ್ತೋದ್ಯಾ?" ಎಂದು ಹೊಗೆಸೊಪ್ಪು ಬೆಳೆಯುವ ಕೆಂಪಯ್ಯ, ರಾಜನ ಪಾತ್ರ ಮಾಡುತ್ತಿದ್ದ ಪುಟ್ಟಮಾದಯ್ಯನವರ ಬೆನ್ನಿಗೆ ಗುದ್ದಿಬಿಟ್ಟ. ನಾಟಕದ ತಾಲೀಮಿನ ಹಾರ್ಮೋನಿಯಂ ತಟ್ಟನೆ ನಿಂತಿತು.

ಪುಟ್ಟಮಾದಯ್ಯ ಇಂಜಿನಿಯರಿಂಗ್ ಕಾಲೇಜಿನ ಪ್ರೊಫೆಸರ್. ನಾಟಕದ ಹುಚ್ಚಿಗೆ ಪ್ರತಿ ಭಾನುವಾರ ಮೈಸೂರಿನಿಂದ ಹುಣಸೂರಿಗೆ ಬಸ್ಸಿನಲ್ಲಿ ಬರುತ್ತಿದ್ದರು. ಅವರು ಒಳಗೆ ಕಾಲಿಟ್ಟರೆ ಎಲ್ಲರೂ ಎದ್ದು ನಿಲ್ಲುತ್ತಿದ್ದರು, ನಗು ಅಲ್ಲಿಗೇ ನಿಲ್ಲುತ್ತಿತ್ತು. ಟೀಯನ್ನೂ ಅವರೊಬ್ಬರೇ ಕುರ್ಚಿಯಲ್ಲಿ ಕುಳಿತು ಕುಡಿಯುತ್ತಿದ್ದರು. ಮದುವೆಯಾಗದ ಅವರನ್ನು, ಅವ್ವ ತೀರಿಕೊಂಡ ಮೇಲೆ, 'ನೀನು' ಎನ್ನುವವರೇ ಇರಲಿಲ್ಲ.

ಕೆಂಪಯ್ಯ ನಾಲಿಗೆ ಕಚ್ಚಿಕೊಂಡ. "ತಪ್ಪಾಯ್ತು ಸಾರ್, ಬಾಯಿ ತಪ್ಪಿ ಅಂದ್ಬುಟ್ಟೆ."

ಪ್ರೊಫೆಸರ್ ಕಣ್ಣೊರೆಸಿಕೊಂಡು ಅವನ ಪಕ್ಕ ನೆಲದ ಮೇಲೆಯೇ ಕುಳಿತರು. "ಸಾರ್ ಅನ್ಬೇಡ ಕಣ್ಲಾ," ಎಂದರು, "ಇನ್ನೊಂದ್ಸಲ ಅಂಗೇ ಕರಿ."