ಪಾಯದ ಹೊಣೆ

ಹೆಣ್ಣುಮಕ್ಕಳ ಹೊಸ ಶಾಲೆಯ ಉತ್ತರದ ಗೋಡೆ ನೆತ್ತಿಯಿಂದ ಬುಡದವರೆಗೆ ಸೀಳಿತ್ತು. 1936ರ ಮೊದಲ ಮಳೆ ಬಿದ್ದು ಎರಡೇ ದಿನವಾಗಿತ್ತು. ನೋಡಲು ಬಂದ ಸರ್ಕಾರಿ ಇಂಜಿನಿಯರರು ಬಿರುಕಿನೊಳಗೆ ಬೆರಳು ತೂರಿಸಿ, "ಇದಕ್ಕೆ ಹೊಣೆ ಯಾರು?" ಎಂದರು.

"ಗೋಡೆ ಇವನದು ಸ್ವಾಮಿ," ಶಿವಮೊಗ್ಗೆಯ ಕಂಟ್ರಾಕ್ಟರ್ ಉಮಾಮಹೇಶ್ವರಯ್ಯ ಮೇಸ್ತ್ರಿ ಮೂರ್ತಪ್ಪನತ್ತ ಕೈ ತೋರಿದರು. "ಒಳಗುತ್ತಿಗೆ ಕೊಟ್ಟಿದ್ದೀನಿ. ಕರಾರಿನಲ್ಲಿ ಬರೆದಿದೆ."

ಭದ್ರಾವತಿಯಿಂದ ಆಳು ಕರೆತಂದು ಮೂರು ತಿಂಗಳು ದುಡಿದಿದ್ದ ಮೂರ್ತಪ್ಪನಿಗೆ ಮೈ ಉರಿಯಿತು. ಈ ಮಾತು ನಿಂತರೆ ಈ ಸೀಮೆಯಲ್ಲಿ ಇನ್ನು ಯಾರೂ ಅವನ ಕೈಗೆ ಕರಣೆ ಕೊಡರು.

"ಗೋಡೆ ನಂದು, ಪಾಯ ಇವರದು. ಅದೂ ಕರಾರಿನಲ್ಲೇ ಇದೆ. ಬುಡ ಅಗೆಸಿ ನೋಡಿ ಸ್ವಾಮಿ."

ಅಗೆಸಿದರು. ನಾಲ್ಕಡಿ ಇರಬೇಕಿದ್ದ ಪಾಯ ಎರಡೂವರೆ ಅಡಿಗೇ ಮುಗಿದಿತ್ತು. ಅದರಡಿ ಬರೀ ಮೆತ್ತನೆಯ ಮಣ್ಣು. ಮಳೆಗೆ ಮುಂಚೆ ಮುಗಿಸುವ ಆತುರದಲ್ಲಿ ತಮ್ಮ ಆಳುಗಳು ಅಷ್ಟಕ್ಕೇ ನಿಲ್ಲಿಸಿದ್ದನ್ನು ಉಮಾಮಹೇಶ್ವರಯ್ಯ ತಲೆ ತಗ್ಗಿಸಿ ಒಪ್ಪಿಕೊಂಡರು.

"ನೀನು ಹೋಗಬಹುದು ಮೇಸ್ತ್ರಿ," ಎಂದರು ಇಂಜಿನಿಯರರು.

ಮೂರ್ತಪ್ಪ ಗೆದ್ದಿದ್ದ. ಆದರೂ ಕಾಲು ಏಳಲಿಲ್ಲ. ಆ ಗೋಡೆಗೆ ಒರಗಿ ಕೂತು ಮಗ್ಗಿ ಹೇಳಬೇಕಿದ್ದ ಮಕ್ಕಳು ಕಣ್ಣಿಗೆ ಕಟ್ಟಿದರು.

"ಸ್ವಾಮಿ, ಪಾಯ ಸಾಲದು ಅಂತ ಅದನ್ನ ತುಂಬೋ ದಿನಾನೇ ನಂಗೆ ಗೊತ್ತಾಗಿತ್ತು. ನನ್ನ ಕರಾರಲ್ಲಿಲ್ಲವಲ್ಲ ಅಂತ ಸುಮ್ಮನಾದೆ."

ಉಮಾಮಹೇಶ್ವರಯ್ಯ ಸಿಡಿದರು. "ಕಂಡೂ ಬಾಯಿ ಮುಚ್ಕೊಂಡಿದ್ಯೇನೋ ಮಾರಾಯ? ನಂಗೊಂದು ಮಾತು ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ಕೇಳ್ತಿದ್ರಾ ರಾಯರೆ?"

ಉಮಾಮಹೇಶ್ವರಯ್ಯ ಮೆಲ್ಲಗೆ, "ಇಲ್ಲ," ಎಂದರು.

ಗೋಡೆ ಕೆಡವಿ ಇಬ್ಬರೂ ಸೇರಿ ಮತ್ತೆ ಕಟ್ಟಿಕೊಡುವುದೆಂದು ತೀರ್ಮಾನವಾಯಿತು. ಹೊಸ ಕರಾರಿಗೆ ಉಮಾಮಹೇಶ್ವರಯ್ಯನವರೇ ಒಂದು ಸಾಲು ಸೇರಿಸಿದರು: ಪಾಯವನ್ನು ಮೇಸ್ತ್ರಿ ನೋಡಿ ಒಪ್ಪುವವರೆಗೆ ಗೋಡೆ ಏಳಕೂಡದು.

ಮಳೆಗಾಲ ಕಳೆದು ಹೊಸ ಪಾಯ ತೋಡಿದ ದಿನ ಮೂರ್ತಪ್ಪ ಒಳಗಿಳಿದು ಅಳೆದ. ನಾಲ್ಕಡಿ, ಕರಾರಿನಲ್ಲಿದ್ದಷ್ಟೇ. ಆದರೆ ಒಂದು ಮೂಲೆಯಲ್ಲಿ ಚುಚ್ಚಿದ ಹಾರೆ ಬೆಣ್ಣೆಗಿಳಿದಂತೆ ಇಳಿಯಿತು. ಮೇಲೆ ನಿಂತಿದ್ದ ರಾಯರ ಮುಖ ನೋಡಿ ಅವನು ಹಾರೆಯನ್ನು ಮತ್ತೊಮ್ಮೆ ಅಲ್ಲೇ ಚುಚ್ಚಿದ.

"ಈ ಕಡೆ ಇನ್ನೊಂದಡಿ ಬೇಕು ರಾಯರೆ."

ಉಮಾಮಹೇಶ್ವರಯ್ಯ ಶಲ್ಯವನ್ನು ಇಟ್ಟಿಗೆ ರಾಶಿಯ ಮೇಲಿಟ್ಟರು. ಪಂಚೆ ಎತ್ತಿ ಕಟ್ಟಿ ತಾವೇ ಪಾಯಕ್ಕಿಳಿದರು.

"ಎಲ್ಲಿ, ತೋರ್ಸು."