ಕೆಳಗೇರಿಗೆ ಇಬ್ಬರು

"ಎಲ್ಲಾರೂ ಒಪ್ಪಿದಂಗಾತು. ಹುಸೇನಮ್ಮ, ನಿಂದೊಂದು ಹೆಬ್ಬೆಟ್ಟು ಉಳದೈತಿ, ಒತ್ತಿಬಿಡು," ಎಂದು ಕಾರ್ಯದರ್ಶಿ ಗೋಪಣ್ಣ ಮಸಿಯ ಡಬ್ಬಿಯನ್ನು ಮುಂದಕ್ಕೆ ಸರಿಸಿದ. ಹುಸೇನಮ್ಮ ಸೆರಗಿನೊಳಗಿನ ಕೈಯನ್ನು ಹೊರಗೆ ತೆಗೆಯಲಿಲ್ಲ.

ದಲಿತರ ಓಣಿಯಾದ ಕೆಳಗೇರಿಯಿಂದ ಮಸ್ಕಿ ಮಂಡಲ ಪಂಚಾಯಿತಿಗೆ ಅವಳು ಆರಿಸಿ ಬಂದು ಎರಡು ವರ್ಷವಾಗಿತ್ತು. ಇಷ್ಟು ದಿನ ತೋರಿಸಿದಲ್ಲಿ ಒತ್ತಿದ್ದಳು. ಇವತ್ತಿನ ಕಾಗದ ಬೇರೆ. ಏಷ್ಯಾದ ಆರು ದೇಶಗಳ ಕಬಡ್ಡಿ ಪಂದ್ಯಗಳು ಮಸ್ಕಿಗೆ ಬರುತ್ತವೋ ಸಿಂಧನೂರಿನ ಪಾಲಾಗುತ್ತವೋ ಎಂಬುದು ಅದರ ಮೇಲೆ ನಿಂತಿತ್ತು. ಸಿಂಧನೂರಿನಲ್ಲಿ ಲಾಡ್ಜುಗಳಿದ್ದವು, ಇಲ್ಲಿ ಒಂದೂ ಇರಲಿಲ್ಲ. 'ಆಟಗಾರರನ್ನು ನಮ್ಮ ಮನೆಗಳಲ್ಲೇ ಇಳಿಸಿಕೊಳ್ಳುತ್ತೇವೆ, ಇದಕ್ಕೆ ಇಡೀ ಊರಿನ ಒಪ್ಪಿಗೆ ಇದೆ' ಎಂದು ಸದಸ್ಯರೆಲ್ಲ ಬರೆದುಕೊಟ್ಟರೆ ಮಾತ್ರ ಪಂದ್ಯ ಇಲ್ಲಿ ಎಂದು ಸಂಘಟಕರು ಹೇಳಿಹೋಗಿದ್ದರು. ಪ್ರಧಾನ ಮರಿಸ್ವಾಮಿ ಒಂದು ತಿಂಗಳಿಂದ ಊಟ ನಿದ್ದೆ ಬಿಟ್ಟು ಮೇಲಗೇರಿಯ ಮನೆಮನೆ ತಿರುಗಿದ್ದ.

"ಪಟ್ಟಿ ಇನ್ನೊಮ್ಮೆ ಓದ್ರಿ," ಎಂದಳು ಹುಸೇನಮ್ಮ.

ಗೋಪಣ್ಣ ಓದಿದ. ಪ್ರಧಾನರ ಮನೆಗೆ ಆರು ಮಂದಿ, ದಲಾಲಿ ಅಂಗಡಿಯವರ ಮನೆಗೆ ನಾಲ್ವರು, ಶಾಮೀದಸಾಬನ ಮನೆಗೆ ಮೂವರು. ಹೀಗೆ ಇಪ್ಪತ್ತು ಮನೆ ಮುಗಿದ ಮೇಲೆ, "ಕೆಳಗೇರಿ: ಮೈದಾನ ಹದ ಮಾಡೋದು, ನೀರು ಹೊಡಿಯೋದು, ಉಂಡ ಎಲಿ ಎತ್ತೋದು."

"ನಮ್ಮ ಓಣಿಗೆ ಎಷ್ಟು ಮಂದಿ ಆಟಗಾರ್ರು?"

ಗೋಪಣ್ಣ ಪ್ರಧಾನನ ಮುಖ ನೋಡಿದ. ಮರಿಸ್ವಾಮಿ ಸಮಾಧಾನದಿಂದಲೇ ಹೇಳಿದ. "ಅವರು ಪರದೇಶದವರು ಬೇ. ನಿಮ್ಮ ಮನ್ಯಾಗ ಹೆಂಗ ಇರತಾರ? ಊರ ಮರ್ಯಾದಿ ಪ್ರಶ್ನಿ ಐತಿ."

"ಪರದೇಶದವರು ಅಂತನ ಕೇಳಾಕತ್ತೀನ್ರಿ. ಊರವರು ಯಾರೂ ನಮ್ಮ ಮನ್ಯಾಗ ಉಣ್ಣಂಗಿಲ್ಲ. ಅವರಿಗೆ ಮೇಲಗೇರಿ ಯಾವ್ದು, ಕೆಳಗೇರಿ ಯಾವ್ದು ಏನು ಗೊತ್ತೈತಿ? ಇಬ್ಬರನ್ನ ಕೊಡ್ರಿ, ಸಾಕು. ಸುಣ್ಣ ಹೊಡಿಸ್ತೀನಿ, ಹೊಸಾ ಕೌದಿ ಹಾಸ್ತೀನಿ."

"ಕೊಡದಿದ್ರ?"

"ಇಡೀ ಊರು ಅಂತ ಬರ್ದೀರಿ. ನಮ್ಮ ಓಣಿ ಬಿಟ್ಟು ಅದು ಇಡೀ ಊರು ಹೆಂಗ ಆಕೈತ್ರಿ? ಸುಳ್ಳಿಗೆ ನಾ ಹೆಬ್ಬೆಟ್ಟು ಒತ್ತಂಗಿಲ್ಲ."

ಸಭೆಯಲ್ಲಿ ಗದ್ದಲವೆದ್ದಿತು. ಒಬ್ಬ ಟವೆಲ್ ಕೊಡವಿಕೊಂಡು ಎದ್ದೇ ಹೋದ. ಮರಿಸ್ವಾಮಿಗೆ ಸಿಂಧನೂರಿನ ಲಾಡ್ಜುಗಳು ನೆನಪಾದವು. ಕಡೆಗೆ ಗೋಪಣ್ಣನ ಕೈಯಿಂದ ಪೆನ್ನು ಕಸಿದು, 'ಕೆಳಗೇರಿ, ಇಬ್ಬರು' ಎಂದು ತಾನೇ ಬರೆದ. ಹೋದವನನ್ನು ತಾನೇ ಹೋಗಿ ಕರೆತಂದ. ಆಗ ಹುಸೇನಮ್ಮ ಹೆಬ್ಬೆಟ್ಟನ್ನು ಮಸಿಯಲ್ಲಿ ಅದ್ದಿ, ಗಟ್ಟಿಯಾಗಿ ಒತ್ತಿದಳು.

ಮೈದಾನ ಹದ ಮಾಡಲು ಕೆಳಗೇರಿಯ ನಲವತ್ತು ಮಂದಿಯ ಪಟ್ಟಿಯಿತ್ತು. ನೂರು ಮಂದಿ ಬಂದರು. ಮಣ್ಣನ್ನು ಜರಡಿ ಹಿಡಿದು, ಒಂದು ಹರಳೂ ಕಾಲಿಗೆ ಸಿಗದಂತೆ ಮಾಡಿದರು. ಹುಸೇನಮ್ಮನ ಮನೆಗೆ ಜಪಾನಿನ ಇಬ್ಬರು ಬಂದಿಳಿದರು. ಅವರ ಮಾತು ಅವಳಿಗೆ ತಿಳಿಯಲಿಲ್ಲ, ಅವಳದು ಅವರಿಗೆ ತಿಳಿಯಲಿಲ್ಲ. ಹಸಿವು ಮಾತ್ರ ಮೂವರಿಗೂ ತಿಳಿಯಿತು.

ಉದ್ಘಾಟನೆಯ ದಿನ ಬೆಳಿಗ್ಗೆ ತಂಡಗಳೆಲ್ಲ ಸಾಲಾಗಿ ನಿಂತಿದ್ದವು. ಜಪಾನಿನ ಸಾಲಿನಲ್ಲಿ ಇಬ್ಬರು ಕಡಿಮೆ. ಮರಿಸ್ವಾಮಿ ಜೀಪು ಹತ್ತಿ ತಾನೇ ಕೆಳಗೇರಿಗೆ ಬಂದ. ಅರವತ್ತು ವರ್ಷದಲ್ಲಿ ಅವನು ಆ ಹೊಸ್ತಿಲ ತನಕ ಬಂದದ್ದು ಅದೇ ಮೊದಲು. ಓಣಿಯ ಜನ ಹಿಂದೆಯೇ ಬಂದು ನಿಂತರು.

"ಎಲ್ಲದಾರ ಬೇ ಅವರು? ಮಂತ್ರಿಗಳು ಬಂದು ಕುಂತಾರ!"

"ಉಣ್ಣಾಕತ್ತಾರ್ರಿ. ಬಿಸಿ ರೊಟ್ಟಿ ಮುಂದಿಂದ ಹೆಂಗ ಎಬ್ಬಿಸ್ಲಿ?"

ಎಳೆಯ ಆಟಗಾರ ಬಾಗಿಲಲ್ಲಿ ಮರಿಸ್ವಾಮಿಯನ್ನು ಕಂಡು ಧಡಕ್ಕನೆ ಎದ್ದ. ಬಸ್‌ಸ್ಟ್ಯಾಂಡಿನಲ್ಲಿ ತನಗೆ ಹಾರ ಹಾಕಿದ ಹಿರಿಯನಲ್ಲವೇ! ಸೊಂಟ ಬಗ್ಗಿಸಿ ನಮಸ್ಕರಿಸಿದ. ಕೈ ಹಿಡಿದು ಒಳಗೆ ಎಳೆದುಕೊಂಡು ಹೋಗಿ, ತನ್ನ ಪಕ್ಕದಲ್ಲೇ ಕೂರಿಸಿ, ಅರ್ಧ ರೊಟ್ಟಿ ಮುರಿದು ಮೇಲೆ ಪುಂಡಿಪಲ್ಲೆ ಹಾಕಿ ಅವನ ಅಂಗೈಯಲ್ಲಿಟ್ಟ. ತಿನ್ನಿ ಎಂದು ಕಣ್ಣಲ್ಲೇ ಒತ್ತಾಯಿಸಿದ.

ಮರಿಸ್ವಾಮಿ ಅಂಗೈ ನೋಡಿದ. ಹೊರಗೆ ಇಣುಕುತ್ತ ನಿಂತ ಓಣಿಯನ್ನು ನೋಡಿದ.

"ಹುಸೇನಮ್ಮ," ಎಂದ ಮೆಲ್ಲಗೆ, "ಬಾಗಿಲಾ ಸ್ವಲ್ಪ ಮುಂದ ಮಾಡವ್ವ."

ಹುಸೇನಮ್ಮ ಒಲೆಯ ಮುಂದಿನಿಂದ ತಿರುಗಲೂ ಇಲ್ಲ. ಇನ್ನೊಂದು ರೊಟ್ಟಿ ಬಡಿಯುತ್ತ ಹೇಳಿದಳು:

"ತೆರದ ಇರಲಿ ಬಿಡ್ರಿ. ಹೊಗಿ ಹೊರಗ ಹೋಗಬೇಕು."