ಸೋತವರು ಬರೆಯಬೇಕು

ಯಮುನ ಟೀ ಲೋಟಗಳನ್ನು ತೊಳೆದು ಒರೆಸುವಷ್ಟರಲ್ಲಿ ನಾಣಯ್ಯನವರು ಬೋರ್ಡಿನ ಮೇಲೆ ಕಾಯಿ ಜೋಡಿಸಿ ಕೂತಾಗಿತ್ತು.

"ಬನ್ನಿ ಯಮುನಕ್ಕ. ಲೋಟ ಹಿಡ್ಕೊಂಡು ಎಷ್ಟು ಹೊತ್ತು ತಪ್ಪಿಸ್ಕೊಳ್ತೀರಿ?"

"ನಿಮಗೆ ಪೆನ್ನು ಹುಡುಕ್ಲಿಕ್ಕೆ ಟೈಮ್ ಕೊಟ್ಟದ್ದು ಅಣ್ಣ."

ನಾಪೋಕ್ಲು ಪೇಟೆಯ ಆ ಚೆಸ್ ಕ್ಲಬ್ಬಿನಲ್ಲಿ ಬಾಕಿ ಉಳಿದ ಕೆಲಸವೆಲ್ಲ ಸೋತವರ ತಲೆಗೆ. ಈ ಭಾನುವಾರ ಬಾಕಿ ಇದ್ದದ್ದು ಒಂದೇ: ಕುಶಾಲನಗರದ ಶಿವಶಂಕರಪ್ಪನವರಿಗೆ ಕ್ಷಮೆ ಕೇಳಿ ಒಂದು ಪತ್ರ. ಮಳೆಗಾಲದಲ್ಲಿ ಅವರ ಅಂಗಿಯ ತೋಳು ತಾಗಿ ಆನೆ ಅಲ್ಲಾಡಿತ್ತು. "ಮುಟ್ಟಿದ ಕಾಯಿ ನಡೆಸಿ, ಮೋಸ ಬೇಡ" ಎಂದು ಇವರಿಬ್ಬರೂ ರೇಗಿದ್ದರು. ಎದ್ದು ಹೋದವರು ಮತ್ತೆ ಬರಲಿಲ್ಲ, ಫೋನೂ ಎತ್ತಲಿಲ್ಲ. ಅವರ ಕುರ್ಚಿಯಲ್ಲಿ ಈಗ ಬೆಕ್ಕು ಮಲಗುತ್ತದೆ. ಕಾಫಿ ಕೊಯ್ಲು ಬಂದರೂ ಇಬ್ಬರಲ್ಲಿ ಒಬ್ಬರೂ ಬಗ್ಗದ್ದನ್ನು ಕಂಡು ಕಾರ್ಯದರ್ಶಿ ವಿಮಲಮ್ಮ ಬೇಸತ್ತಿದ್ದರು. ಆಡಿ, ಸೋತವರು ಬರೆಯಿರಿ ಎಂದುಬಿಟ್ಟರು.

ಇವತ್ತು ಮುಗಿಸಿಯೇ ಏಳುವುದೆಂದು ಯಮುನ ಸೆರಗು ಸಿಕ್ಕಿಸಿ ಕೂತಳು.

ಶುರುವಿನಲ್ಲೇ ಅವಳ ರಾಣಿ ಎದುರಾಳಿ ರಾಜನ ಮಗ್ಗುಲಿಗೆ ನುಗ್ಗಿದಳು, ಒಬ್ಬಳೇ. ರಾಜನಿಗೆ ಓಡಲು ಜಾಗವಿಲ್ಲ, ತಿನ್ನಲೇಬೇಕಾಯಿತು. ನಾಣಯ್ಯನವರ ಮುಖ ಹುಳ್ಳಗಾಯಿತು. ಸ್ವಲ್ಪ ಹೊತ್ತಿಗೆ ಅವರ ರಾಣಿಯೂ ಹಾಗೆಯೇ ಬಂದು ಬಲಿಯಾದಳು.

"ಎಂತ ಇದು? ಇಬ್ರೂ ಕನ್ನಡಕ ಮನೇಲಿ ಬಿಟ್ಟು ಬಂದಿದ್ದೀರಾ?" ಎಂದರು ವಿಮಲಮ್ಮ.

"ಇದು ದೊಡ್ಡ ಪ್ಲ್ಯಾನು. ನಿಮಗೆ ಗೊತ್ತಾಗ್ಲಿಕ್ಕಿಲ್ಲ," ಎಂದು ನಾಣಯ್ಯನವರು ಬೆವರು ಒರೆಸಿಕೊಂಡರು.

ಅವರ ಕುದುರೆ ಒಂದು ನೆಗೆತ ನೆಗೆದಿದ್ದರೆ ಯಮುನಳ ಕಥೆ ಮುಗಿಯುತ್ತಿತ್ತು. ವಿಮಲಮ್ಮ ಕೆಮ್ಮಿದರು. ನಾಣಯ್ಯನವರು ಮಾಡಿನ ಹೆಂಚು ನೋಡುತ್ತ ಕಾಲಾಳನ್ನು ನಡೆಸಿದರು. ಯಮುನ ಹಲ್ಲು ಕಚ್ಚಿದಳು.

ಆನೆಗಳು ಹೋದವು, ಕುದುರೆಗಳು ಹೋದವು, ಕಾಲಾಳುಗಳೂ ಉಳಿಯಲಿಲ್ಲ. ಕೊನೆಗೆ ಬೋರ್ಡಿನ ಮೇಲೆ ಬರೀ ಇಬ್ಬರು ರಾಜರು, ಜಗಳವಾಡಿದ ನೆಂಟರ ಹಾಗೆ ದೂರ ದೂರ.

"ಡ್ರಾ," ಎಂದರು ವಿಮಲಮ್ಮ. "ಮುಂದಿನ ಭಾನುವಾರ ಮತ್ತೆ ಬನ್ನಿ. ಬೆಕ್ಕಿಗೆ ಇನ್ನೊಂದು ವಾರ ಕುರ್ಚಿ ಸಿಕ್ಕಿತು."

ನಾಣಯ್ಯನವರಿಗೆ ಅಂಗಡಿಯಲ್ಲಿ ತುರ್ತು ಕೆಲಸವಂತೆ, ಹೋದರು. ಯಮುನ ಬಸ್ಸಿಗೆ ಹೊತ್ತಾಯಿತೆಂದು ಹೊರಟವಳು ಬಸ್‌ಸ್ಟ್ಯಾಂಡ್ ದಾಟಿ, ಅಂಚೆ ಕಚೇರಿಯ ಕಡೆ ತಿರುಗಿ, ಬ್ಯಾಗಿನಿಂದ ಕುಶಾಲನಗರದ ವಿಳಾಸ ಬರೆದು ಅಂಟಿಸಿದ ಲಕೋಟೆ ತೆಗೆದಳು.

ಕೆಂಪು ಡಬ್ಬಿಯ ಮುಂದೆ ನಾಣಯ್ಯನವರು ನಿಂತಿದ್ದರು. ಅವರ ಕೈಯಲ್ಲೂ ಒಂದು ಲಕೋಟೆ, ಮೂಲೆಗಳು ಜೇಬಿನಲ್ಲಿದ್ದು ಮುದುರಿದ್ದವು.

"ನಂದು ಹೋದ ತಿಂಗಳು ಹುತ್ತರಿ ಹಬ್ಬಕ್ಕೇ ಬರೆದಿಟ್ಟದ್ದು," ಎಂದಳು ಯಮುನ, ಸೋಲಬಾರದೆಂದು.

"ನಂದು ಗೌರಿ ಹಬ್ಬಕ್ಕೆ," ಎಂದು ನಾಣಯ್ಯನವರು ಅವಳದ್ದನ್ನೂ ತೆಗೆದುಕೊಂಡು ಎರಡನ್ನೂ ಒಟ್ಟಿಗೆ ಡಬ್ಬಿಗೆ ಹಾಕಿದರು. "ಸೋಲ್ಲಿಕ್ಕೂ ಬಿಡ್ಲಿಲ್ಲವಲ್ಲ ಯಮುನಕ್ಕ ನೀವು."